ನೆಲಮಾಳಿಗೆಯ ಕುಬೇರ

ಅಮೆರಿಕದಲ್ಲಿ ಮಕ್ಕಳ ಕಾಲೇಜಿಗೆಂದೇ ದುಡ್ಡು ಕೂಡಿಡುವ ಯೋಜನೆಯೊಂದಿದೆ. ತೆರಿಗೆ ಕಾನೂನಿನ 529ನೇ ಸೆಕ್ಷನ್ನಿನಡಿ ಬರುವುದರಿಂದ ಅದರ ಹೆಸರೂ 529. ಮಗು ತೊಟ್ಟಿಲಲ್ಲಿರುವಾಗಲೇ ತಿಂಗಳು ತಿಂಗಳು ಇಷ್ಟಿಷ್ಟು ಅಂತ ಹಾಕುತ್ತ ಹೋದರೆ, ಹೈಸ್ಕೂಲು ಮುಗಿಯುವ ಹೊತ್ತಿಗೆ ಗಂಟು ಬೆಳೆದಿರುತ್ತದೆ. ಓದಿಗೇ ಖರ್ಚು ಮಾಡಿದರೆ ಬೆಳೆದ ಭಾಗಕ್ಕೆ ಕೇಂದ್ರದ ತೆರಿಗೆಯೂ ಇಲ್ಲ. ನ್ಯೂಜೆರ್ಸಿಯ ನನ್ನ ಕನ್ನಡದ ಗೆಳೆಯರೆಲ್ಲ ಇದರಲ್ಲಿ ಹಾಕಿದರು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ "ನಿಮ್ಮದು ಎಷ್ಟಾಯ್ತು?" ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ನಾನು ಮಾತಾಡದೆ ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳುತ್ತಿದ್ದೆ. ಪಾಪ, ಬಡ್ಡಿ ನಂಬಿಕೊಂಡ ಜನ. ನನ್ನ ಭರವಸೆ ಇದ್ದದ್ದು 529ರ ಮೇಲಲ್ಲ, 792ರ ಮೇಲೆ.

792 ಎಂದರೆ ಟಾಪ್ಸ್ ಕಂಪನಿ 1982ರಿಂದ 1992ರವರೆಗೆ ವರ್ಷ ವರ್ಷ ಹೊರತಂದ ಬೇಸ್‌ಬಾಲ್ ಕಾರ್ಡುಗಳ ಒಂದು ಪೂರ್ತಿ ಸೆಟ್ಟು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ರಟ್ಟು. ಮುಂದುಗಡೆ ಆಟಗಾರನ ಪಟ. ಹಿಂದುಗಡೆ ಅವನ ಜಾತಕ: ಹುಟ್ಟಿದ ದಿನ, ಎತ್ತರ, ತೂಕ, ಯಾವ ವರ್ಷ ಎಷ್ಟು ಹೋಂ ರನ್. 1987ರ ಸೆಟ್ಟಿಗಂತೂ ಸುತ್ತ ಮರದ ಹಲಗೆಯ ಚಿತ್ರದ ಅಂಚು. ಇಂಥವು ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನೆಲದಿಂದ ಸೊಂಟದೆತ್ತರಕ್ಕೆ, ಉದ್ದನೆಯ ಬಿಳಿ ಪೆಟ್ಟಿಗೆಗಳಲ್ಲಿ, ವರ್ಷವಾರು ಕೂತಿವೆ. ಜೊತೆಗೆ ಫ್ಲೀರ್, ಡಾನ್‌ರಸ್, ಸ್ಕೋರ್, ಅಪ್ಪರ್ ಡೆಕ್. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.

ನಾನು ಅರಸೀಕೆರೆಯಿಂದ ಎಂ.ಎಸ್. ಓದಲು ಇಲ್ಲಿಗೆ ಬಂದದ್ದು 1986ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಶಾರ್ಜಾದಲ್ಲಿ ಚೇತನ್ ಶರ್ಮಾ ಹಾಕಿದ ಕೊನೇ ಬಾಲನ್ನು ಜಾವೆದ್ ಮಿಯಾಂದಾದ್ ಸಿಕ್ಸರ್ ಎತ್ತಿದ್ದ ಸಂಕಟ ಹೊಟ್ಟೆಯಲ್ಲಿ ಇನ್ನೂ ಹಸಿಯಾಗಿತ್ತು. ಅಕ್ಟೋಬರ್ 25ರ ರಾತ್ರಿ ಹಾಸ್ಟೆಲಿನ ಟಿವಿಯಲ್ಲಿ ಬೇಸ್‌ಬಾಲಿನ ವರ್ಲ್ಡ್ ಸೀರೀಸಿನ ಆರನೇ ಪಂದ್ಯ, ನ್ಯೂಯಾರ್ಕ್ ಮೆಟ್ಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ನಡುವೆ. ನನಗೆ ನಿಯಮಗಳು ಒಂದೂ ಗೊತ್ತಿಲ್ಲ. ಬ್ಯಾಟು ಹಿಡಿದವನು ಹೊಡೆದ ಮೇಲೆ ಬ್ಯಾಟನ್ನೇ ಬಿಸಾಕಿ ಓಡುವುದು ಕಂಡು ಇವರಿಗೆ ಸಾಮಾನಿನ ಬೆಲೆ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದೆ. ಕೊನೆಗೆ ಮೂಕಿ ವಿಲ್ಸನ್ ಹೊಡೆದ ಸಾಧಾರಣ ಚೆಂಡೊಂದು ನೆಲದ ಮೇಲೆ ಉರುಳುತ್ತ ಬಂದು ಬಾಸ್ಟನ್ನಿನ ಬಿಲ್ ಬಕ್ನರ್‌ನ ಕಾಲ ಸಂದಿಯಲ್ಲಿ ನುಸುಳಿ ಹೋಯಿತು. ಮೆಟ್ಸ್ ಗೆದ್ದಿತು. ಬಕ್ನರ್ ತಲೆ ತಗ್ಗಿಸಿ ನಡೆದು ಹೋದ. "ಅಯ್ಯೋ, ಇವನು ನಮ್ಮ ಚೇತನ್ ಶರ್ಮಾನೇ ಅಲ್ಲವೇನೋ" ಎಂದು ನನ್ನ ಕರುಳು ಚುರುಕ್ ಎಂದಿತು.

ಮಾರನೆಯ ದಿನ ಹಾಲು ತರಲು ಅಂಗಡಿಗೆ ಹೋದವನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮೇಣದ ಕಾಗದದಲ್ಲಿ ಸುತ್ತಿದ ಕಾರ್ಡುಗಳ ಪೊಟ್ಟಣ ನೋಡಿದೆ. ಅರ್ಧ ಡಾಲರಿಗೂ ಕಡಿಮೆ. ಬಕ್ನರ್ ಸಿಕ್ಕಿಯಾನು ಎಂದು ಕೊಂಡೆ. ಬಕ್ನರ್ ಸಿಗಲಿಲ್ಲ, ಗುಲಾಬಿ ಬಣ್ಣದ ಬಬಲ್ ಗಮ್ಮಿನ ಹಲಗೆಯೊಂದು ಸಿಕ್ಕಿತು. ಬಾಯಿಗಿಟ್ಟರೆ ಅದು ಮೊದಲು ಪಟಪಟ ಮುರಿದು, ಆಮೇಲೆ ಹಲ್ಲಿಗೆ ಮೆತ್ತಿಕೊಂಡು, ಎಷ್ಟು ಅಗಿದರೂ ಗಮ್ ಯಾವುದು ರಟ್ಟು ಯಾವುದು ತಿಳಿಯುತ್ತಿರಲಿಲ್ಲ. ಬಕ್ನರ್‌ಗಾಗಿ ಇನ್ನೊಂದು ಪೊಟ್ಟಣ, ಮತ್ತೊಂದು ಪೊಟ್ಟಣ. ಬಕ್ನರ್ ಸಿಗುವ ಹೊತ್ತಿಗೆ ನನಗೆ ಬಕ್ನರ್ ಮುಖ್ಯನಾಗಿ ಉಳಿದಿರಲಿಲ್ಲ.

ಅಷ್ಟರಲ್ಲಿ ಬೇರೊಂದು ಜ್ಞಾನೋದಯವಾಗಿತ್ತು. 1987ರ ಅಕ್ಟೋಬರಿನಲ್ಲಿ ಶೇರು ಮಾರುಕಟ್ಟೆ ಒಂದೇ ಸೋಮವಾರದಲ್ಲಿ ಮುಗ್ಗರಿಸಿ ಬಿತ್ತು. ಶೇರು ಬಿದ್ದರೂ ಕಾರ್ಡು ಬೀಳುವುದಿಲ್ಲ ಎಂಬ ಮಾತು ಆಗ ಎಲ್ಲರ ಬಾಯಲ್ಲಿ. ಐವತ್ತರ ದಶಕದಲ್ಲಿ ಹುಡುಗರು ಪುಡಿಗಾಸಿಗೆ ಕೊಂಡ ಕಾರ್ಡುಗಳು ಸಾವಿರಾರು ಡಾಲರಿಗೆ ಹೋಗುತ್ತಿದ್ದವು. ಬೆಕೆಟ್ ಎಂಬ ಮಾಸಪತ್ರಿಕೆ ಪ್ರತಿಯೊಂದು ಕಾರ್ಡಿನ ಬೆಲೆ ಪ್ರಕಟಿಸುತ್ತಿತ್ತು. ಏರಿದ್ದಕ್ಕೆ ಮೇಲ್ಮುಖದ ಬಾಣ, ಇಳಿದದ್ದಕ್ಕೆ ಕೆಳಮುಖದ ಬಾಣ. ನನಗೆ ಕಾಣುತ್ತಿದ್ದದ್ದು ಮೇಲಿನ ಬಾಣ ಮಾತ್ರ. ಐವತ್ತರ ಹುಡುಗರು ಮೂವತ್ತೈದು ವರ್ಷ ಕಾದು ಶ್ರೀಮಂತರಾದರು. ನಾನೂ ಮೂವತ್ತೈದು ವರ್ಷ ಕಾಯುತ್ತೇನೆ. ಈ ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂದು ಹೇಳುವವರು ಆಗ ಯಾರೂ ಸಿಗಲಿಲ್ಲ, ಏಕೆಂದರೆ ಇಡೀ ದೇಶವೇ ಅದೇ ಲೆಕ್ಕ ಹಾಕುತ್ತ ಕೂತಿತ್ತು.

ಬೆಲೆ ಇರುವುದು ಆಟಗಾರನ ಮೊದಲ ಕಾರ್ಡಿಗೆ, ಅಂದರೆ ರೂಕಿ ಕಾರ್ಡಿಗೆ. ಮುಂದೆ ದೊಡ್ಡವನಾಗುವವನನ್ನು ಮೀಸೆ ಮೂಡುವಾಗಲೇ ಗುರುತಿಸಬೇಕು. ಕನ್ಯಾಪಿತೃಗಳ ವಂಶದಲ್ಲಿ ಹುಟ್ಟಿದ ನನಗೆ ಒಳ್ಳೆಯ ಹುಡುಗನನ್ನು ಗುರುತಿಸುವುದು ಯಾವ ಮಹಾ ಕೆಲಸ? ಮೊದಲು ಮೆಟ್ಸ್‌ನ ಡ್ವೈಟ್ ಗುಡೆನ್‌ನ ಕಾರ್ಡುಗಳನ್ನು ಬಾಚಿಕೊಂಡೆ. 1987ರಲ್ಲಿ ಅವನು ಕೊಕೇನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಚಿಕಿತ್ಸೆಗೆ ಹೋದ. ಅನುಭವಸ್ಥನೇ ಇರಲಿ ಎಂದು ಪೀಟ್ ರೋಸ್ ಕಡೆ ತಿರುಗಿದೆ. 1989ರಲ್ಲಿ ಜೂಜಿನ ಪ್ರಕರಣದಲ್ಲಿ ಅವನಿಗೆ ಆಟದಿಂದಲೇ ಆಜೀವ ಬಹಿಷ್ಕಾರವಾಯಿತು. ಹೋಸೆ ಕ್ಯಾನ್ಸೆಕೋ ಗಟ್ಟಿಮುಟ್ಟಾಗಿದ್ದ, ಅವನನ್ನು ಕೂಡಿಟ್ಟೆ. ಅಷ್ಟು ಗಟ್ಟಿಯಾದದ್ದು ಹೇಗೆಂದು 2005ರಲ್ಲಿ ಅವನೇ ಪುಸ್ತಕ ಬರೆದು ಊರಿಗೆಲ್ಲ ಸಾರಿದ. ಮಾರ್ಕ್ ಮೆಗ್ವೈರ್ 1998ರಲ್ಲಿ 70 ಹೋಂ ರನ್ ಹೊಡೆದಾಗ ನಾನು ಮನೆಯಲ್ಲಿ ಪಾಯಸ ಮಾಡಿಸಿದ್ದೆ. 2010ರಲ್ಲಿ ಸ್ಟಿರಾಯ್ಡ್ ತೆಗೆದುಕೊಂಡಿದ್ದೆ ಎಂದು ಅವನೂ ಟಿವಿಯಲ್ಲಿ ಕಣ್ಣೀರಿಟ್ಟ. ಯಾಂಕೀಸ್ ತಂಡ 1991ರಲ್ಲಿ ಎಲ್ಲರಿಗಿಂತ ಮೊದಲು ಆರಿಸಿಕೊಂಡ ಬ್ರಿಯನ್ ಟೇಲರ್ ಎಂಬ ಹುಡುಗನಿಗೆ ಯಾವ ದುರಭ್ಯಾಸವೂ ಇರಲಿಲ್ಲವೆಂದು ಅವನ ಕಾರ್ಡುಗಳನ್ನು ಕಣ್ಣು ಮುಚ್ಚಿ ಕೊಂಡೆ. ಅವನು ಹೊಡೆದಾಟವೊಂದರಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡ, ಮೇಜರ್ ಲೀಗಿನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ನಾನು ಯಾರ ಮೇಲೆ ಕೈ ಇಟ್ಟರೂ ಅವರ ಗ್ರಹಗತಿ ಕೆಡುತ್ತಿತ್ತು. ಆದರೂ ಬೆಕೆಟ್ ಪತ್ರಿಕೆಗೆ ಚಂದಾ ಕಟ್ಟುವುದು ನಿಲ್ಲಿಸಲಿಲ್ಲ.

ಇಷ್ಟರ ನಡುವೆ ನಾನು ಕೊಂಡ ಒಂದೇ ಒಂದು ಹಳೆಯ, ನಿಜವಾಗಿ ಅಪರೂಪದ ಕಾರ್ಡು ನೋಲನ್ ರಯಾನ್‌ನದು. 1968ರ ಟಾಪ್ಸ್, ಸಂಖ್ಯೆ 177. ಸುತ್ತ ಗೋಣಿತಾಟಿನ ನೇಯ್ಗೆಯ ಅಂಚು. ಮೆಟ್ಸ್‌ನ ಹೊಸ ಹುಡುಗರೆಂದು ಇಬ್ಬರ ಪಟ ಒಟ್ಟಿಗೆ ಹಾಕಿದ್ದಾರೆ: ಒಬ್ಬ ಜೆರಿ ಕೂಸ್ಮನ್, ಇನ್ನೊಬ್ಬ ರಯಾನ್. ಈ ರಯಾನ್ ಮುಂದೆ ಬ್ಯಾಟು ಹಿಡಿದವರನ್ನು 5,714 ಸಲ ಸ್ಟ್ರೈಕ್ ಔಟ್ ಮಾಡಿದ. ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ ಏಳು ಸಲ ಆಡಿದ. ಎರಡೂ ಇವತ್ತಿಗೂ ದಾಖಲೆ. 1989ರಲ್ಲಿ ಅವನು ಐದು ಸಾವಿರದ ಗಡಿ ದಾಟಿದಾಗ ಕಾರ್ಡಿನ ಬೆಲೆ ಗಗನಕ್ಕೇರಿತ್ತು, ನಾನು ಕೊಂಡದ್ದು ಸರಿಯಾಗಿ ಆಗಲೇ. ಒಂದು ತಿಂಗಳ ಬಾಡಿಗೆ ಹೋಯಿತು. ಆ ತಿಂಗಳು ಗೆಳೆಯರ ಮನೆಗಳಲ್ಲಿ ಸರದಿಯಂತೆ ಉಂಡೆ.

1993ರ ನವರಾತ್ರಿಗೆ ಅಮ್ಮ ಬಂದಿದ್ದಳು. ನನ್ನನ್ನು ಮದುವೆಗೆ ಒಪ್ಪಿಸುವುದೇ ಅವಳ ಪ್ರವಾಸದ ಉದ್ದೇಶ. ತಿಂಗಳು ತಿಂಗಳು ಬೆಕೆಟ್ ಬಂದ ಕೂಡಲೇ ನಾನು ಕಾಲಿನ ಮೇಲೆ ಕಾಲು ಹಾಕಿಕೊಂಡು ಅಂಕಿಗಳ ಮೇಲೆ ಬೆರಳಾಡಿಸುವುದನ್ನು ಕಂಡು, ಅದು ಈ ದೇಶದ ಪಂಚಾಂಗ ಎಂದು ಅವಳು ತಿಳಿದಿದ್ದಳು. "ಒಳ್ಳೆ ಮುಹೂರ್ತ ಯಾವಾಗ ಇದೆ ನೋಡೋ" ಎನ್ನುತ್ತಿದ್ದಳು. ಒಂದು ದಿನ ನೇರವಾಗಿ ಕೇಳಿದಳು:

"ಹುಡುಗಿ ಕಡೆಯವರು ಕೇಳ್ತಾರೆ ಕಣೋ. ಹುಡುಗಂಗೆ ಅಮೆರಿಕದಲ್ಲಿ ಆಸ್ತಿ ಅಂತ ಏನಿದೆ ಅಂತ ಹೇಳ್ಲಿ?"

ನಾನು ರಯಾನ್ ಕಾರ್ಡನ್ನು ತೋರಿಸಿದೆ. "ಈ ಮನೇಲಿ ಎಲ್ಲಕ್ಕಿಂತ ಬೆಲೆಬಾಳೋದು ಇದೇ ಅಮ್ಮ."

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಇವ್ರಿಬ್ರೂ ಅಣ್ಣತಮ್ಮಂದಿರೇ?" ಎಂದಳು. ಆಯುಧಪೂಜೆಯ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಕಾರಿನ ಬಾನೆಟ್ಟು, ಟೈಪ್‌ರೈಟರು, ಮಿಕ್ಸಿ, ಎಲ್ಲದಕ್ಕೂ ಪೂಜೆ ಮುಗಿದಿತ್ತು. ರಯಾನ್ ಕಾರ್ಡು ಕೆಂಪು ರವಿಕೆ ಕಣದಲ್ಲಿ ಗಂಟಾಗಿ ಲಕ್ಷ್ಮಿಯ ಪಟದ ಮುಂದೆ ಕೂತಿತ್ತು. "ಬ್ಯಾಂಕ್ ಲಾಕರ್‌ನಲ್ಲಿಡು. ಸುಮ್‌ಸುಮ್ನೆ ಗಂಟು ಬಿಚ್ಚಿ ನೋಡ್ಬೇಡ, ಲಕ್ಷ್ಮಿ ಚಂಚಲೆ" ಎಂದಳು ಅಮ್ಮ. ತಾಯಿಯ ಮಾತು. ಹಾಗೇ ಒಯ್ದು ಲಾಕರಿನಲ್ಲಿಟ್ಟೆ. ಲಾಕರಿನ ಬಾಡಿಗೆಯನ್ನು ವರ್ಷ ವರ್ಷ ಕಟ್ಟುತ್ತ ಬಂದೆ, ಗಂಟು ಬಿಚ್ಚಲಿಲ್ಲ.

ಆಮೇಲೆ ಮದುವೆಯಾಯಿತು. ನನ್ನ ಹೆಂಡತಿ ಮೈಸೂರಿನವಳು, ತಾಳ್ಮೆಯವಳು. ಮನೆ ಕೊಂಡಾಗ ಬೇಸ್‌ಮೆಂಟಿನಲ್ಲಿ ಉಪ್ಪಿನಕಾಯಿ ಜಾಡಿಗಳನ್ನಿಡಲು ಹೊರಟಳು. ಎಣ್ಣೆಯ ಹಬೆ ಕಾರ್ಡಿಗಾಗದು ಎಂದು ನಾನು ತಡೆದೆ. ರಟ್ಟು ಬಾಗಬಾರದೆಂದು ತೇವ ಹೀರುವ ಡೀಹ್ಯುಮಿಡಿಫೈಯರ್ ತಂದು ಹಗಲೂ ರಾತ್ರಿ ಓಡಿಸಿದೆ. ಜುಲೈ ಸೆಕೆಯಲ್ಲಿ ಮೇಲೆ ನಾವು ಬೆವರುತ್ತಿದ್ದರೆ ಕೆಳಗೆ ಕ್ಯಾನ್ಸೆಕೋ, ಮೆಗ್ವೈರ್ ಹಿತವಾಗಿರುತ್ತಿದ್ದರು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದು ಬೇಸ್‌ಮೆಂಟಿಗೆ ನೀರು ನುಗ್ಗಿದ ರಾತ್ರಿ ನಾನು ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಮಹಡಿಗೆ ಸಾಗಿಸಿದೆ. ಎಲ್ಲ ಸುರಕ್ಷಿತವಾದ ಮೇಲೆ ಹೆಂಡತಿ ಟಾರ್ಚು ಹಿಡಿದು ಕೇಳಿದಳು: "ರೀ, ನಮ್ಮ ಮದುವೆ ಆಲ್ಬಂ?" ಅದು ಕೆಳಗೇ ಇತ್ತು. ಅದರಲ್ಲಿ ಈಗ ಧಾರೆಯಿಂದ ನೇರವಾಗಿ ಬೀಗರೂಟ; ನಡುವಿನದು ಒಂದಕ್ಕೊಂದು ಅಂಟಿಹೋಗಿದೆ.

ಮಗಳಿಗೂ ಕಾರ್ಡುಗಳಿಂದ ವಿದ್ಯಾಭ್ಯಾಸವಾಯಿತು ಎನ್ನಬೇಕು. ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದ ದಿನಗಳಲ್ಲಿ 1989ರ ಫ್ಲೀರ್ ಸೆಟ್ಟಿನಿಂದ ಬಿಲ್ಲಿ ರಿಪ್ಕೆನ್‌ನ ಕಾರ್ಡು ಎತ್ತಿಕೊಂಡು ಬಂದಳು. ಆ ಕಾರ್ಡಿನಲ್ಲಿ ಅವನು ಹೆಗಲ ಮೇಲಿಟ್ಟ ಬ್ಯಾಟಿನ ಹಿಡಿಯ ತುದಿಯಲ್ಲಿ ಮುದ್ರಿಸಬಾರದ ಬೈಗುಳವೊಂದು ಬರೆದದ್ದು ಅಚ್ಚಾದ ಮೇಲೆಯೇ ಗೊತ್ತಾಗಿ, ಕಂಪನಿ ಅದರ ಮೇಲೆ ಬಿಳಿ ಬಳಿದು, ಗೀಚಿ, ಕಪ್ಪು ಚೌಕ ಹಾಕಿ ಬಗೆಬಗೆಯಾಗಿ ಮುಚ್ಚಲು ನೋಡಿತ್ತು. ನನ್ನದು ಮುಚ್ಚದೇ ಇದ್ದ ಪ್ರತಿ. ಭೋಜನಕ್ಕೆ ಬಂದಿದ್ದ ಪುರೋಹಿತರ ಎದುರು ಮಗಳು ಅದನ್ನು ಅಕ್ಷರ ಅಕ್ಷರವಾಗಿ, ಸ್ಪಷ್ಟ ಉಚ್ಚಾರಣೆಯಲ್ಲಿ ಓದಿದಳು. ಪುರೋಹಿತರು ಮಗು ಜಾಣೆ ಎಂದರು.

2022ಕ್ಕೆ ಮಗಳು ಹನ್ನೆರಡನೇ ತರಗತಿಗೆ ಬಂದಳು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀಜು, ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ 80,000 ಡಾಲರ್ ದಾಟಿದ್ದ ಕಾಲ. ಗೆಳೆಯರ ಮುಖ ಸಣ್ಣಗಾಗಿತ್ತು. ಅದೇ ಆಗಸ್ಟಿನಲ್ಲಿ ಸುದ್ದಿ ಬಂತು: 1952ರ ಟಾಪ್ಸ್ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ನಮ್ಮ ರೂಪಾಯಿಯಲ್ಲಿ ಸುಮಾರು ನೂರು ಕೋಟಿ. ಒಂದು ರಟ್ಟಿಗೆ! ನನ್ನ ಹತ್ತಿರ ಎಷ್ಟು ರಟ್ಟಿದೆ ಎಂದು ನಿಮಗೆ ಗೊತ್ತೇ ಇದೆ. ಸಂಭ್ರಮಕ್ಕಿಂತ ಮೊದಲು ನನಗೆ ಭಯವಾಯಿತು. ಸಂಗ್ರಹದ ವಸ್ತು ಮಾರಿದ ಲಾಭಕ್ಕೆ ಇಲ್ಲಿ ಶೇಕಡಾ 28ರವರೆಗೆ ತೆರಿಗೆ ಬೀಳುತ್ತದೆ. ಕನ್ನಡ ಕೂಟದ ಲೆಕ್ಕಪರಿಶೋಧಕರೊಬ್ಬರನ್ನು ಗಣೇಶನ ಹಬ್ಬದಲ್ಲಿ ಮೂಲೆಗೆ ಕರೆದು, ಇಷ್ಟು ದೊಡ್ಡ ಮೊತ್ತವನ್ನು ಎರಡು ವರ್ಷಕ್ಕೆ ಹಂಚಿ ತೋರಿಸಬಹುದೇ ಎಂದು ಪಿಸುಗುಟ್ಟಿದೆ. "ಎಷ್ಟಿರಬಹುದು ಸ್ವಾಮಿ?" ಎಂದರು. "ಈಗ ಹೇಳಲಾರೆ" ಎಂದೆ. ಅವರು ಅಂದಿನಿಂದ ನನ್ನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. ಮಗಳಿಗೂ ಹೇಳಿದೆ: "ಸ್ಕಾಲರ್‌ಷಿಪ್‌ಗೆ ಅರ್ಜಿ ಹಾಕ್ಬೇಡಮ್ಮ, ಇಲ್ಲದವರ ಮಕ್ಕಳಿಗೆ ಸಿಗ್ಲಿ." ಅವಳು ತಾಯಿಯ ಮುಖ ನೋಡಿದಳು. ತಾಯಿ ಮಜ್ಜಿಗೆ ಕಡೆಯುತ್ತಿದ್ದಳು.

ವ್ಯಾನಿನ ಹಿಂದೆ ಹಿಡಿಸುವಷ್ಟು ಪೆಟ್ಟಿಗೆ ತುಂಬಿಕೊಂಡು ಕಾರ್ಡು ಅಂಗಡಿಗೆ ಹೋದೆ. ಅಂಗಡಿಯವನು ನನ್ನ ವಯಸ್ಸಿನವನೇ. ಕೊರಳಲ್ಲಿ ಭೂತಗನ್ನಡಿ ನೇತಾಡುತ್ತಿತ್ತು. ಮೊದಲ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದವನು ಕೇಳಿದ:

"ಯಾವ ಕಾಲದ್ದು?"

"ಎಂಬತ್ತೇಳರಿಂದ ತೊಂಬತ್ತೆರಡು. ಒಂದಕ್ಕೂ ಬೆರಳಿನ ಗುರುತಿಲ್ಲ."

ಅವನು ಮುಚ್ಚಳದಿಂದ ಕೈ ತೆಗೆದ. ತೆರೆಯಲೇ ಇಲ್ಲ. ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ "ಕೂತ್ಕೊಳ್ಳಿ" ಎಂದ, ಕುಡಿಯಲು ನೀರು ಕೊಟ್ಟ.

ಆ ಕಾಲದ ಕಾರ್ಡಿಗೆ ವ್ಯಾಪಾರದವರು ಜಂಕ್ ವ್ಯಾಕ್ಸ್, ಅಂದರೆ ಮೇಣದ ಪೊಟ್ಟಣದ ಕಸ, ಎನ್ನುತ್ತಾರಂತೆ. ನಾವೆಲ್ಲ ಕೂಡಿಡುತ್ತಿದ್ದೇವೆಂದು ಕಂಪನಿಗಳಿಗೆ ಗೊತ್ತಾಗಿ, ಅವರು ಮುದ್ರಿಸಿದರು, ಮುದ್ರಿಸಿದರು, ಮುದ್ರಿಸುತ್ತಲೇ ಇದ್ದರು. ಉಬ್ಬರದ ಹೊತ್ತಿನಲ್ಲಿ ವರ್ಷಕ್ಕೆ 8,100 ಕೋಟಿ ಕಾರ್ಡು ಎಂದು ಒಂದು ಅಂದಾಜು. ಹಸುಗೂಸಿನಿಂದ ಹಣ್ಣು ಮುದುಕರವರೆಗೆ ಪ್ರತಿಯೊಬ್ಬ ಅಮೆರಿಕನ್ನನಿಗೆ ಮುನ್ನೂರಕ್ಕೂ ಮೇಲೆ. ಕೊಂಡವರೆಲ್ಲ ನನ್ನ ಹಾಗೇ ಪ್ಲಾಸ್ಟಿಕ್ ಹೊದಿಸಿ, ಬೆರಳು ತಾಗಿಸದೆ, ಜತನ ಮಾಡಿದರು. 1994ರ ಆಗಸ್ಟಿನಲ್ಲಿ ಆಟಗಾರರು ಮುಷ್ಕರ ಹೂಡಿ ಆ ವರ್ಷದ ವರ್ಲ್ಡ್ ಸೀರೀಸೇ ರದ್ದಾದಾಗ ಕೊಳ್ಳುವವರೂ ಬೇಸತ್ತು ಎದ್ದು ಹೋದರು. "ನೋಡಿ" ಎಂದು ಅವನು ಬಗ್ಗಿ ತನ್ನ ಗಾಜಿನ ಕಪಾಟಿನ ಅಡಿಯನ್ನು ತೋರಿಸಿದ. ಕಪಾಟಿಗೆ ಒಂದು ಕಾಲಿರಲಿಲ್ಲ. ಆ ಜಾಗದಲ್ಲಿ ನಿಂತಿದ್ದದ್ದು ಒಡೆಯದ 1988ರ ಡಾನ್‌ರಸ್ ಪೆಟ್ಟಿಗೆಗಳ ಕಂಬ. "ಮೂವತ್ತು ವರ್ಷವಾಯ್ತು, ಒಂದಿಂಚು ಕುಸಿದಿಲ್ಲ. ಒಳ್ಳೆ ಮಾಲು" ಎಂದ.

ನಾನು ಬಿಡಲಿಲ್ಲ. ಊರಿನಲ್ಲಿ ತೆಂಗಿನಕಾಯಿ ಮಂಡಿಯಲ್ಲಿ ಚೌಕಾಸಿ ನೋಡಿ ಬೆಳೆದವನು. ನೀವು ಬೆಲೆ ಹೇಳಿ, ನಾನು ಹೇಳುತ್ತೇನೆ, ನಡುವೆ ಎಲ್ಲೋ ಕೂಡೋಣ ಎಂದೆ. ಅವನು ಸೊನ್ನೆ ಎಂದ. ನಾನು ಐದು ಸಾವಿರ ಎಂದೆ. ನಡುವೆ ಎಲ್ಲಿ ಕೂಡುತ್ತಾನೋ ಎಂದು ಕಾಯುತ್ತಿರುವಾಗ ಅವನು ಹಿಂದಿನ ಕೋಣೆಗೆ ಹೋಗಿ ಒಂದು ತಳ್ಳುಗಾಡಿ ತಂದ. ಅದರ ತುಂಬ 1990ರ ಫ್ಲೀರ್. "ನೀವು ಇವನ್ನೆಲ್ಲ ಇಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತೀರಿ. ಇದನ್ನೂ ಒಯ್ಯಿರಿ. ದುಡ್ಡು ಬೇಡ." ನನ್ನ ಬಾಯಿಂದ ಬೇಡ ಎಂಬ ಮಾತು ಹೊರಡಲಿಲ್ಲ. ಪುಕ್ಕಟೆ ಬಂದದ್ದನ್ನು ಬೇಡ ಎನ್ನುವುದು ನಮ್ಮ ಮನೆತನದಲ್ಲಿಲ್ಲ.

"ಮಾರಕ್ಕೆ ಹೋದೋರು ಕೊಂಡ್ಕೊಂಡು ಬಂದ್ರಾ?" ಎಂದಳು ಹೆಂಡತಿ, ವ್ಯಾನಿನ ಹಿಂಬಾಗಿಲು ತೆರೆದು.

"ಕೊಂಡಿಲ್ಲ ಕಣೇ. ಸುಮ್ನೆ ಕೊಟ್ರು."

ಬಾಗಿಲು ಹಾಕಿದಳು. ಮೆಲ್ಲಗೇ ಹಾಕಿದಳು, ಅದೇ ಭಯ.

ಅಂಗಡಿಯವರದು ಒಳಸಂಚು ಎಂದು ತೀರ್ಮಾನಿಸಿ ನೇರವಾಗಿ ಜನರಿಗೇ ಮಾರಲು ಹೊರಟೆ. ಹೋಟೆಲೊಂದರ ಹಾಲಿನಲ್ಲಿ ವಾರಾಂತ್ಯದ ಕಾರ್ಡ್ ಶೋ. ಬಾಡಿಗೆ ಕಟ್ಟಿ ಒಂದು ಮೇಜು ಹಿಡಿದೆ. ಮಗಳು ಸಹಾಯಕ್ಕೆ ಬಂದಳು, ಪುಸ್ತಕ ಓದಿಕೊಂಡು ಕೂತಳು. ಬಂದವರೆಲ್ಲ ನನ್ನ ಮೇಜಿನ ಮುಂದೆ ನಿಂತು "ಅಯ್ಯೋ, ನನ್ನ ಹತ್ತಿರವೂ ಇವೇ ಇವೆ!" ಎಂದು ಹಳೆಯ ನೆಂಟರು ಸಿಕ್ಕ ಖುಷಿಯಲ್ಲಿ ಕೈ ಕುಲುಕಿ ಮುಂದೆ ಹೋಗುತ್ತಿದ್ದರು. ಕೆನ್ ಗ್ರಿಫಿ ಜೂನಿಯರ್‌ನ 1989ರ ಅಪ್ಪರ್ ಡೆಕ್ ರೂಕಿ ಕಾರ್ಡು, ಆ ಸೆಟ್ಟಿನ ಒಂದನೇ ನಂಬರು, ನನ್ನ ತುರುಪು. ನನ್ನ ಎಡಗಡೆ ಮೇಜಿನವನ ಹತ್ತಿರ ಅದರ ಒಂದು ಕಟ್ಟಿತ್ತು. ಬಲಗಡೆಯವನ ಹತ್ತಿರ ಒಂದು ಡಬ್ಬಿ.

ಮಧ್ಯಾಹ್ನದ ಮೇಲೆ ಒಬ್ಬ ಹುಡುಗ ಬಂದ. ಗ್ರಿಫಿಯನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ. ನನ್ನ ಎದೆ ಹೊಡೆದುಕೊಂಡಿತು.

"ಇದು ಎಷ್ಟು?"

"ನೀನೇ ಹೇಳಪ್ಪ."

"ಕಾರ್ಡಲ್ಲ ಅಂಕಲ್, ಹೊರಗಿರೋ ಪ್ಲಾಸ್ಟಿಕ್. ಈ ಹಳೇ ಥರದ ದಪ್ಪ ಕವಚ ಈಗ ಸಿಗಲ್ಲ."

ಸಂಜೆಯೊಳಗೆ ನನ್ನ ಪ್ಲಾಸ್ಟಿಕ್ಕೆಲ್ಲ ಖಾಲಿಯಾಯಿತು. ಕವಚ, ಒಂಬತ್ತು ಕಿಸೆಯ ಹಾಳೆ, ಉಂಗುರದ ಫೈಲು, ಗಟ್ಟಿ ಡಬ್ಬಿ, ಎಲ್ಲವನ್ನೂ ಜನ ಮುಗಿಬಿದ್ದು ಕೊಂಡರು. ಕಾರ್ಡುಗಳು ಬರಿ ಮೈಯಲ್ಲಿ ಮೇಜಿನ ಮೇಲೆ ಬಿದ್ದಿದ್ದವು. ಮೇಜಿನ ಬಾಡಿಗೆ, ಪಾರ್ಕಿಂಗು, ಎರಡು ಸ್ಯಾಂಡ್‌ವಿಚ್ಚು ಕಳೆದು ಉಳಿದದ್ದರಲ್ಲಿ ಕಾರ್ಡುಗಳಿಗೆ ಹೊಸ ಪ್ಲಾಸ್ಟಿಕ್ ಕೊಂಡೆ.

ಉಳಿದದ್ದು ಲಾಕರಿನ ಗಂಟು. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು; ಇನ್ನು ಬಿಚ್ಚಿದರೆ ಬೈಯುವವರಿಲ್ಲ. ಮೊದಲಿನ ಅಂಗಡಿಯವನ ಬಳಿಗೇ ಹೋಗಿ, ರವಿಕೆ ಕಣವನ್ನು ಅವನ ಗಾಜಿನ ಮೇಲಿಟ್ಟು ಬಿಚ್ಚಿದೆ. ನಾಲ್ಕು ಕಾಳು ಅಕ್ಷತೆ ಉರುಳಿ ಬಿತ್ತು. ರಯಾನ್ ಎಂದ ಕೂಡಲೇ ಅವನ ಕಣ್ಣು ಬೆಳಗಿತು. ಭೂತಗನ್ನಡಿ ಏರಿಸಿ ಬಗ್ಗಿದ. ಬಗ್ಗಿದವನು ಮೇಲೇಳಲಿಲ್ಲ.

"ಸಾರ್, ಇವರಿಬ್ಬರ ಹಣೆಗೆ ಗುಂಡೇಟು ಬಿದ್ದಿದೆ."

ನಾನೂ ಬಗ್ಗಿದೆ. ಜೆರಿ ಕೂಸ್ಮನ್‌ನ ಟೋಪಿಯ ಕೆಳಗೆ, ಹುಬ್ಬುಗಳ ನಡುವೆ, ಒಂದು ಕುಂಕುಮದ ಬೊಟ್ಟು. ನೋಲನ್ ರಯಾನ್‌ಗೂ ಅಷ್ಟೇ ದುಂಡಗಿನ, ಅಷ್ಟೇ ಕೆಂಪಿನ ಇನ್ನೊಂದು. ನೀರಲ್ಲಿ ಕಲೆಸಿದ ಅರಿಶಿನ ಎರಡರ ಸುತ್ತಲೂ ಹಬ್ಬಿ ರಟ್ಟಿನೊಳಕ್ಕೆ ಇಳಿದಿತ್ತು. ಒಬ್ಬನಿಗೇ ಇಟ್ಟರೆ ಇನ್ನೊಬ್ಬನಿಗೆ ಬೇಜಾರಾದೀತೆಂದು ಅಮ್ಮ ಇಬ್ಬರಿಗೂ ಇಟ್ಟಿದ್ದಳು.

ಅಂಗಡಿಯವನ ಸಲಹೆಯಂತೆ ಕಾರ್ಡನ್ನು ಅಂಕ ಹಾಕುವವರಿಗೆ ಕಳಿಸಿದೆ. ಅಂಚು, ಮೂಲೆ, ಪಟ ನಟ್ಟನಡುವೆ ಕೂತ ಬಗೆ, ಮೇಲ್ಮೈ ಎಲ್ಲ ನೋಡಿ ಹತ್ತಕ್ಕೆ ಇಷ್ಟು ಎಂದು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುವ ವೃತ್ತಿಯವರಿದ್ದಾರೆ. ಮೂಲೆಗಳು ಚೂಪು, ಅಂಚು ಚೊಕ್ಕ. ಕಲೆಯಿಂದಾಗಿ ಹತ್ತಕ್ಕೆ ಎರಡು ಬಂತು. ಎರಡು ಅಂಕಕ್ಕೆ ಅವರ ಚೀಟಿಯಲ್ಲಿ 'ಗುಡ್' ಎಂದು ಅಚ್ಚು ಹಾಕುತ್ತಾರೆ. ಹತ್ತಕ್ಕೆ ಎರಡು ತೆಗೆದವನಿಗೆ ಗುಡ್ ಎನ್ನುವ ಮೇಷ್ಟ್ರು ಅರಸೀಕೆರೆಯಲ್ಲಿದ್ದಿದ್ದರೆ ನಾನು ಇನ್ನೂ ಮೇಲೆ ಬರುತ್ತಿದ್ದೆ. ಕಲೆ ಇದ್ದರೂ ನಾಲ್ಕು ಕಾಸು ಸಿಗುತ್ತದೆ ಎಂದ ಅಂಗಡಿಯವನು. ಹೆಂಡತಿ ಕೊಡಲು ಬಿಡಲಿಲ್ಲ. "ಅತ್ತೆ ಪೂಜೆ ಮಾಡಿದ್ದು" ಎಂದು ದೇವರ ಮನೆಯಲ್ಲಿಟ್ಟಿದ್ದಾಳೆ. ಈಗ ಪ್ರತಿ ಆಯುಧಪೂಜೆಗೂ ಕೂಸ್ಮನ್, ರಯಾನ್ ಇಬ್ಬರಿಗೂ ಹೊಸ ಕುಂಕುಮ. ಪ್ಲಾಸ್ಟಿಕ್ಕಿನ ಮೇಲೆ, ಒರೆಸಿದರೆ ಹೋಗುತ್ತದೆ.

ಮಗಳ ಫೀಜು ಹೇಗೆ ಕಟ್ಟಿದಿರಿ ಎಂದು ಕೇಳುವವರಿದ್ದೀರಿ. ಹೆಂಡತಿ ತನ್ನ ಸಂಬಳದಿಂದ, ಮಗಳು ಹುಟ್ಟಿದ ವರ್ಷದಿಂದಲೇ, ನನಗೆ ಹೇಳದೆ ಒಂದು 529 ನಡೆಸಿಕೊಂಡು ಬಂದಿದ್ದಳಂತೆ. ಮಗಳೂ ನನಗೆ ಹೇಳದೆ ಸ್ಕಾಲರ್‌ಷಿಪ್‌ಗೆ ಅರ್ಜಿ ಹಾಕಿದ್ದಳಂತೆ. ನನಗೆ ಬೇಸರವಾದದ್ದು ಗುಟ್ಟು ಮಾಡಿದ್ದಕ್ಕೆ. ಮೊದಲೇ ಹೇಳಿದ್ದರೆ ಆ ದುಡ್ಡನ್ನೂ ಯಾವುದಾದರೂ ಒಳ್ಳೆಯ ಕಡೆ ಹಾಕಬಹುದಿತ್ತು.

ಇಷ್ಟಾದರೂ ಕಾರ್ಡಿನ ಮೇಲೆ ನನ್ನ ನಂಬಿಕೆ ಕದಲಿಲ್ಲ. ಎಡವಟ್ಟಾದದ್ದು ಎಲ್ಲಿ ಎಂದು ಮಾತ್ರ ಕೂತು ಅಧ್ಯಯನ ಮಾಡಿದೆ. ಐವತ್ತರ ದಶಕದ ಕಾರ್ಡುಗಳಿಗೆ ಬೆಲೆ ತಂದುಕೊಟ್ಟದ್ದು ಮಿಕ್ಕಿ ಮ್ಯಾಂಟಲ್ ಅಲ್ಲ, ಅಮೆರಿಕದ ಅಮ್ಮಂದಿರು. ಮಗ ಕಾಲೇಜಿಗೆ ಹೋದ ಕೂಡಲೇ ಅವನ ಕೋಣೆ ಗುಡಿಸಿ ಕಾರ್ಡುಗಳನ್ನು ಕಸಕ್ಕೆ ಹಾಕಿದ ಮಹಾತಾಯಿಯರು ಮನೆಗೊಬ್ಬರಿದ್ದರು. ಅಷ್ಟು ಸಾಲದೆಂದು, 1952ರ ಮಾರಾಟವಾಗದ ಕಾರ್ಡುಗಳು ಉಗ್ರಾಣದಲ್ಲಿ ಜಾಗ ತಿನ್ನುತ್ತಿವೆಯೆಂದು ಟಾಪ್ಸ್ ಕಂಪನಿಯ ಸೈ ಬರ್ಗರ್ 1960ರಲ್ಲಿ ಅವನ್ನು ಕಸದ ದೋಣಿಗೇರಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರು. ಸುರಿದದ್ದರಲ್ಲಿ ಮ್ಯಾಂಟಲ್‌ಗಳೂ ಇದ್ದರು ಎಂದು ಮುಂದೆ ಅವರೇ ಹೇಳಿಕೊಂಡರು. ಇನ್ನೂ ಹಿಂದಕ್ಕೆ ಹೋದರೆ ಹಾನಸ್ ವ್ಯಾಗ್ನರ್. 1909ರಲ್ಲಿ ಸಿಗರೇಟು ಪೊಟ್ಟಣದ ಜೊತೆ ಕೊಡಲೆಂದು ತನ್ನ ಪಟ ಅಚ್ಚು ಮಾಡುವುದಕ್ಕೆ ಅವನು ಒಪ್ಪಲಿಲ್ಲ, ಮುದ್ರಣ ಬೇಗನೆ ನಿಂತಿತು. ಹೊರಬಿದ್ದ ಕೆಲವೇ ಕಾರ್ಡುಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಬೇಡ ಎಂದವನು, ಗುಡಿಸಿದವರು, ಮುಳುಗಿಸಿದವರು. ಇವರು ಹುಟ್ಟಿಸಿದ್ದು ಸಂಪತ್ತು. ನಮ್ಮದೋ, ಹಾಲಿನ ಕವರು ತೊಳೆದು ಒಣಹಾಕುವ, ಹಾರ್ಲಿಕ್ಸ್ ಬಾಟಲಿಯನ್ನು ಮೂರು ತಲೆಮಾರು ಬೇಳೆ ತುಂಬಿಡುವ, ಬೆಲೆಬಾಳುವುದು ಕಂಡರೆ ಅರಿಶಿನ ಕುಂಕುಮ ಇಡುವ ವಂಶ. ನನ್ನ ಅಮ್ಮನ ಹಾಗೆ ಎಲ್ಲ ಅಮ್ಮಂದಿರೂ ಇದ್ದಿದ್ದರೆ ಮ್ಯಾಂಟಲ್ ಕಾರ್ಡನ್ನೂ ಇವತ್ತು ಕಪಾಟಿನ ಕಾಲಿಗೆ ಕೊಡುತ್ತಿದ್ದರು.

ಹಾಗಾಗಿ ಪರಿಹಾರ ಸುಲಭ. ಯಾರಾದರೂ ಎಸೆಯಬೇಕು. ನಾನೇ ಎಸೆದರೆ ಉಪಯೋಗವಿಲ್ಲ, ಲಾಭ ಬೇರೆಯವರಿಗೆ ಹೋಗುತ್ತದೆ. ಅಮೆರಿಕದ ಉದ್ದಗಲಕ್ಕೂ ನೆಲೆಸಿರುವ ಕನ್ನಡ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ಅಟ್ಟದಲ್ಲೋ ಗ್ಯಾರೇಜಿನಲ್ಲೋ 1987ರಿಂದ 1992ರವರೆಗಿನ ಬೇಸ್‌ಬಾಲ್ ಕಾರ್ಡುಗಳಿದ್ದರೆ ದಯವಿಟ್ಟು ಇವತ್ತೇ ಎಸೆದುಬಿಡಿ. ಅಕ್ಕಪಕ್ಕದವರಿಗೂ ಹೇಳಿ. ಅವಸರವೇನಿಲ್ಲ, ನನ್ನ ಗುರಿ ಈಗ ಮೊಮ್ಮಕ್ಕಳ ಕಾಲೇಜು. ಎಸೆಯಲು ಕೈ ಬಾರದಿದ್ದರೆ, ನಮ್ಮ ಕಡೆಯವರಿಗೆ ಬರುವುದೂ ಇಲ್ಲ, ಬಿಡಿ, ನಮ್ಮ ಮನೆಗೆ ತಂದುಕೊಡಿ. ಡೀಹ್ಯುಮಿಡಿಫೈಯರ್ ಹೇಗೂ ಓಡುತ್ತಿದೆ.